ಉನ್ಮಾದವು ಸಂಚಾರಿಯೋ, ಸ್ಥಾಯಿಯೋ?

(ತ್ರಿವೇಣಿಯವರ ‘ಶರಪಂಜರ’ವನ್ನು ಕುರಿತು)

ನಮ್ಮ ಸಂಘದ ಕಳೆದ ತಿಂಗಳ ವಾಚನಗೋಷ್ಠಿಯಲ್ಲಿ ಶ್ರೀಮತಿ ತ್ರಿವೇಣಿಯವರ ‘ಶರಪಂಜರ’ವು ಚರ್ಚೆಗೆ ಬಂದಿತ್ತು. ತರುಣ ಉಪಾಧ್ಯಾಯರೊಬ್ಬರು, ‘ಮನೋರೋಗಗಳಿಗೆ ಈಗ ಒಳ್ಳೆಯ ಔಷಧಗಳು ಬಂದಿರುವುದರಿಂದ ಈ ಕಾದಂಬರಿಯ ಕಾಲ ಮುಗಿಯಿತು’ ಎಂದರು. ಆಳಂದದಿಂದ ಬಂದಿದ್ದ ಹಿರಿಯ ಸದಸ್ಯರೊಬ್ಬರು ಅದನ್ನೊಪ್ಪದೆ, ‘ಹುಚ್ಚಾಸ್ಪತ್ರೆಯ ಮೆಟ್ಟಿಲು ಹತ್ತಿದವರಿಗೆ ಮನೆಯ ಮೆಟ್ಟಿಲು ಮತ್ತೆ ದೊರೆಯದು, ಗ್ರಂಥಕರ್ತ್ರಿಯು ಕಂಡ ಸತ್ಯವು ಇದೇ’ ಎಂದರು. ಮೊದಲನೆಯವರು ಕಾದಂಬರಿಯನ್ನು ವೈದ್ಯಶಾಸ್ತ್ರದ ಹಳೆಯ ಪ್ರಕರಣವೆಂದು ಓದಿದರು. ಎರಡನೆಯವರು ಅದನ್ನು ವಿಧಿವಾಕ್ಯವೆಂದು ಓದಿದರು. ಎರಡೂ ಓದುಗಳು ತಪ್ಪೆಂದು ನನ್ನ ಮತ. ಎರಡನೆಯ ತಪ್ಪನ್ನು ನಾನೂ ಒಮ್ಮೆ ಮಾಡಿದ್ದೆನು. ಅದರ ಬೆಲೆಯನ್ನು ತೆತ್ತವರು ಬೇರೆಯವರು. ಅಂದು ಗೋಷ್ಠಿಯಲ್ಲಿ ಹೇಳಲು ಬಾಯಿ ಬಾರದ ಮಾತನ್ನು ಇಲ್ಲಿ ಬರೆದು ವಾಚಕ ಮಹಾಶಯರ ಮುಂದಿಡುತ್ತೇನೆ.

ತ್ರಿವೇಣಿ ಎಂಬ ಹೆಸರಿನಿಂದ ಬರೆದ ಅನಸೂಯಾ ಶಂಕರ್ ಅವರು ೧೯೨೮ರಲ್ಲಿ ಜನಿಸಿದರು. ಮೈಸೂರಿನಲ್ಲಿ ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿದರು. ಇಪ್ಪತ್ತರಷ್ಟು ಕಾದಂಬರಿಗಳನ್ನು ಬರೆದು, ಮೂವತ್ತೈದು ತುಂಬುವುದಕ್ಕೆ ಮೊದಲೇ, ೧೯೬೩ರ ಜುಲೈಯಲ್ಲಿ ತೀರಿಕೊಂಡರು. ಹೆರಿಗೆಯಾದ ಕೆಲವೇ ದಿನಗಳಲ್ಲಿ ಆ ಸಾವು ಬಂದಿತು. ಬಾಣಂತಿಯ ವ್ಯಥೆಯನ್ನು ಕನ್ನಡದಲ್ಲಿ ಎಲ್ಲರಿಗಿಂತಲೂ ಆಳವಾಗಿ ಬರೆದವರು ಬಾಣಂತನದಲ್ಲಿಯೇ ಹೋದರೆಂಬುದನ್ನು ನೆನೆದಾಗ ಮನಸ್ಸು ಮರುಗುವುದು. ‘ಬೆಕ್ಕಿನ ಕಣ್ಣು’ ಮೊದಲಾದ ಅವರ ಇತರ ಕೃತಿಗಳಲ್ಲಿಯೂ ಮನಸ್ಸಿನ ಗಾಯಗಳೇ ವಸ್ತು. ಆದರೆ ಜನಮನದಲ್ಲಿ ಬೇರೂರಿ ನಿಂತುದು ‘ಶರಪಂಜರ’.

ಕಥೆಯನ್ನು ಬಲ್ಲವರೇ ಬಹುಜನ. ಆದರೂ ಸಂಗ್ರಹವಾಗಿ ಹೇಳುವುದಾದರೆ, ಕಾವೇರಿಯು ಸುಶಿಕ್ಷಿತಳಾದ ಗೃಹಿಣಿ. ಪತಿ ಸತೀಶನೊಡನೆ ಪ್ರೀತಿಯ ಸಂಸಾರ. ಎರಡನೆಯ ಹೆರಿಗೆಯ ಅನಂತರ ಆಕೆಗೆ ಚಿತ್ತಭ್ರಮೆಯುಂಟಾಗುವುದು. ಆ ಭ್ರಮೆಯಲ್ಲಿ ವಿವಾಹಪೂರ್ವದ ಕಹಿಯೊಂದು ಹೊರಬೀಳುವುದು. ಮಾನಸಿಕ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆದು ಆಕೆ ಗುಣಹೊಂದಿ ಮನೆಗೆ ಬರುವಳು. ರೋಗವು ಹೋಗಿದೆ, ಆದರೆ ಮನೆಯು ಮೊದಲಿನ ಮನೆಯಾಗಿ ಉಳಿದಿಲ್ಲ. ಪತಿಯ ಚಿತ್ತವು ಬೇರೆಡೆಗೆ ಹರಿದಿದೆ; ನೆರೆಹೊರೆಯವರಿಗೆ ಆಕೆ ಒಂದು ನೋಟ. ಕೊನೆಗೆ ಆಕೆಯ ಚಿತ್ತವು ಮತ್ತೆ ಮುರಿಯುವುದು.

ಮೊದಲು ಹೆಸರಿನ ವಿಚಾರ. ಶರಪಂಜರವೆಂದರೆ ಬಾಣಗಳಿಂದ ಕಟ್ಟಿದ ಪಂಜರ. ನಮ್ಮವರು ಅನೇಕರು ಇದನ್ನು ಭೀಷ್ಮರ ಶರಶಯ್ಯೆಯೊಡನೆ ಬೆರೆಸಿ ಅರ್ಥಮಾಡಿಕೊಳ್ಳುವುದುಂಟು. ಎರಡಕ್ಕೂ ಬಹಳ ಅಂತರವಿದೆ. ಶರಶಯ್ಯೆಯಲ್ಲಿ ಬಾಣಗಳು ಶರೀರವನ್ನು ಭೇದಿಸಿವೆ, ಮಲಗಿದವನು ಗಾಯಗೊಂಡವನು. ಶರಪಂಜರದಲ್ಲಿಯಾದರೋ ಬಾಣಗಳು ಸುತ್ತಲೂ ನಾಟಿವೆ. ಒಳಗಿರುವವನ ಮೈಯಲ್ಲಿ ಗಾಯವಿಲ್ಲ, ಹೊರಬರಲು ದಾರಿ ಮಾತ್ರವಿಲ್ಲ. ಕಾವೇರಿಯ ರೋಗವನ್ನು ಹೇಳಬೇಕಾಗಿದ್ದರೆ ಶರಶಯ್ಯೆ ಎಂಬ ಹೆಸರೇ ಸಾಕಾಗುತ್ತಿತ್ತು. ಗುಣಹೊಂದಿ ಬಂದವಳ ಸುತ್ತಲೂ ಮನೆಯವರು ನೆಟ್ಟ ನೋಟಗಳೇ ಇಲ್ಲಿ ಬಾಣಗಳು. ಆದಕಾರಣ ಈ ಕೃತಿಯ ವಸ್ತು ರೋಗವಲ್ಲ, ಆರೋಗ್ಯ. ಇನ್ನೂ ಸರಿಯಾಗಿ ಹೇಳುವುದಾದರೆ, ಒಬ್ಬಳ ಆರೋಗ್ಯವನ್ನು ಇತರರು ನಂಬದಿರುವುದು.

ಇಲ್ಲಿ ನಮ್ಮ ಅಲಂಕಾರಶಾಸ್ತ್ರದ ಒಂದು ವಿಭಾಗವನ್ನು ನೆನೆಯುವುದು ಪ್ರಯೋಜನಕರ. ಭರತಮುನಿಯು ಸ್ಥಾಯಿಭಾವಗಳು ಎಂಟೆಂದೂ ವ್ಯಭಿಚಾರಿಭಾವಗಳು ಮೂವತ್ತಮೂರೆಂದೂ ಎಣಿಸಿದನು. ವ್ಯಭಿಚಾರಿಗಳನ್ನೇ ಸಂಚಾರಿಗಳೆಂದೂ ಕರೆಯುವರು. ಬಂದು ಹೋಗುವ ಭಾವಗಳಿವು. ಚಿಂತೆ, ವಿಷಾದ, ಶಂಕೆ, ಅಪಸ್ಮಾರ ಇವುಗಳ ಜೊತೆಗೆ ಉನ್ಮಾದವನ್ನೂ ಮುನಿಯು ಈ ಸಂಚಾರಿಗಳಲ್ಲಿಯೇ ಸೇರಿಸಿರುವನು. ಪಾಠಶಾಲೆಯಲ್ಲಿ ಈ ಪಟ್ಟಿಯನ್ನು ಬಾಯಿಪಾಠ ಮಾಡಿದಾಗ ನನಗೆ ಅದರಲ್ಲಿ ಪರೀಕ್ಷೆಯ ಅಂಕಗಳ ಹೊರತು ಬೇರೇನೂ ಕಾಣಲಿಲ್ಲ. ಈಗ ನೋಡಿದರೆ ಅದರಲ್ಲಿ ದೊಡ್ಡದೊಂದು ವಿವೇಕವಿದೆ. ಉನ್ಮಾದವು ಮನುಷ್ಯನಲ್ಲಿ ಬರತಕ್ಕದ್ದು, ಹೋಗತಕ್ಕದ್ದು. ಅದು ಆತನ ಸ್ಥಾಯಿಯಲ್ಲ.

ಕಾಳಿದಾಸನು ಇದನ್ನು ಚೆನ್ನಾಗಿ ಅರಿತಿದ್ದನು. ‘ವಿಕ್ರಮೋರ್ವಶೀಯ’ದ ನಾಲ್ಕನೆಯ ಅಂಕದಲ್ಲಿ ಪುರೂರವನು ವಿರಹದಿಂದ ಉನ್ಮತ್ತನಾಗಿ ಕಾಡೆಲ್ಲ ಅಲೆಯುವನು, ಮೋಡ, ಹಕ್ಕಿ, ಆನೆ, ನದಿ ಕಂಡುದನ್ನೆಲ್ಲ ಮಾತಾಡಿಸಿ ಪ್ರಿಯೆಯ ಸುದ್ದಿಯನ್ನು ಕೇಳುವನು. ಐದನೆಯ ಅಂಕದಲ್ಲಿ ಆತನು ರಾಜಧಾನಿಗೆ ಹಿಂದಿರುಗಿ ರಾಜ್ಯಭಾರ ಮಾಡುತ್ತಿರುವನು, ಪ್ರಜೆಗಳು ಸಂತೋಷಪಡುವರು. ‘ಇವನು ಕಾಡಿನಲ್ಲಿ ಬಳ್ಳಿಗಳೊಡನೆ ಮಾತಾಡಿದವನು’ ಎಂದು ಯಾರೂ ಬೆರಳು ತೋರಿಸುವುದಿಲ್ಲ. ರಾಜನಿಗೆ ದೊರೆತ ಐದನೆಯ ಅಂಕವು ಕಾವೇರಿಗೆ ಏಕೆ ದೊರೆಯಲಿಲ್ಲ? ಅವನು ಪುರುಷ, ಅದರ ಮೇಲೆ ದೊರೆ. ಇವಳು ಹೆಂಗಸು, ಅದರ ಮೇಲೆ ಸೊಸೆ ಎಂಬುದೊಂದು ಉತ್ತರ. ಎರಡನೆಯ ಉತ್ತರವು ತ್ರಿವೇಣಿಯವರದು: ಸಂಚಾರಿಯನ್ನು ಸ್ಥಾಯಿಯನ್ನಾಗಿ ಮಾಡುವವರು ನೋಡುವವರೇ. ಮನೆಗೆ ಬಂದ ಕಾವೇರಿಯು ನಕ್ಕರೆ ಅದು ರೋಗದ ನಗು. ಅತ್ತರೆ ರೋಗದ ಅಳು. ಸುಮ್ಮನಿದ್ದರೆ ರೋಗದ ಮೌನ. ಆರೋಗ್ಯವಂತರಿಗೆ ಸಹಜವಾದ ಸಿಟ್ಟು ಕೂಡ ಆಕೆಗೆ ನಿಷಿದ್ಧ. ಒಂದು ಹೊತ್ತೂ ತಪ್ಪು ಮಾಡದಿರಬೇಕೆಂದರೆ ಯಾರ ಚಿತ್ತ ತಾನೇ ಮುರಿಯದೆ ಉಳಿದೀತು?

ಈ ಕಾರ್ಯಕಾರಣವನ್ನು ಕಾದಂಬರೀಕರ್ತ್ರಿಯು ಸ್ಪಷ್ಟವಾಗಿಯೇ ತೋರಿಸಿರುವರು. ಮೊದಲ ಸಲ ಕಾವೇರಿಯ ಚಿತ್ತವನ್ನು ಕೆಡಿಸಿದುದರಲ್ಲಿ ದೇಹಕ್ಕೂ ಹಳೆಯ ನೋವಿಗೂ ಪಾಲಿದೆ. ಎರಡನೆಯ ಸಲ ಕೆಡಿಸಿದುದು ಮನೆ. ಆದರೆ ಜನಸಾಮಾನ್ಯರ ನೆನಪಿನಲ್ಲಿ ಈ ಭೇದವು ಉಳಿಯಲಿಲ್ಲ. ಅದಕ್ಕೆ ೧೯೭೧ರ ಚಲಚ್ಚಿತ್ರವೂ ಒಂದು ಕಾರಣ. ಪುಟ್ಟಣ್ಣ ಕಣಗಾಲರ ನಿರ್ದೇಶನವು ಶ್ರೇಷ್ಠವಾದದ್ದು. ಕಲ್ಪನಾ ಅವರ ಅಭಿನಯವು ಅದಕ್ಕಿಂತಲೂ ಶ್ರೇಷ್ಠವಾದದ್ದು. ಆ ಶ್ರೇಷ್ಠತೆಯೇ ತೊಡಕಾಯಿತು. ನಾನು ಅದನ್ನು ಹುಡುಗನಾಗಿದ್ದಾಗ ಜಾತ್ರೆಯ ಟೂರಿಂಗ್ ಟಾಕೀಸಿನಲ್ಲಿ ಕಂಡೆನು. ಮರುದಿನ ನಾವು ಹುಡುಗರೆಲ್ಲ ಸೇರಿ ಆ ಕೊನೆಯ ದೃಶ್ಯದ ಹಾವಭಾವಗಳನ್ನೇ ಅನುಕರಿಸಿ ಆಡಿದೆವು. ಗಂಡನ ಪಾತ್ರವನ್ನು ಆಡಲು ಯಾರೂ ಬರಲಿಲ್ಲ. ಅದರಲ್ಲಿ ನೋಡತಕ್ಕದ್ದು ಏನಿದೆ? ಹೀಗೆ ಅಪರಾಧಿಯು ಮರೆತುಹೋಗಿ, ನೊಂದವಳ ವಿಕಾರವೊಂದೇ ಕಣ್ಣಿನಲ್ಲಿ ನಿಂತಿತು. ‘ಒಮ್ಮೆ ಕೆಟ್ಟ ತಲೆ ಮತ್ತೆ ಕೆಡುವುದು’ ಎಂಬುದೇ ಕಥೆಯ ನೀತಿಯೆಂದು ಊರು ತಿಳಿಯಿತು, ನಾನೂ ತಿಳಿದೆನು.

ಈಗ ನನ್ನ ಮಾತು. ಸುಮಾರು ಹದಿನೆಂಟು ವರ್ಷಗಳ ಹಿಂದೆ ನನ್ನ ತಮ್ಮನ ಮಗಳು, ಜೇವರ್ಗಿ ತಾಲ್ಲೂಕಿನ ಭೀಮಾತೀರದ ಊರಿಗೆ ಕೊಟ್ಟ ಹುಡುಗಿ, ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಹೆರಿಗೆಯಾದ ಹತ್ತನೆಯ ದಿನಕ್ಕೆ ಆಕೆಯ ನಿದ್ರೆ ಹೋಯಿತು. ಹನ್ನೆರಡನೆಯ ದಿನ ತೊಟ್ಟಿಲನ್ನು ನೋಡಿ, ‘ಇದು ನನ್ನ ಕೂಸಲ್ಲ’ ಎಂದಳು. ನಮ್ಮ ಮುದುಕಿಯರು ಅದಕ್ಕೆ ‘ಬಾಣಂತಿ ಸನ್ನಿ’ ಎಂಬ ಹೆಸರನ್ನು ಹೇಳಿದರು. ಹೆಸರು ಇದ್ದಿತೆಂದ ಮೇಲೆ ಅದು ರೋಗವೆಂದು ಹಿಂದಿನವರಿಗೂ ತಿಳಿದಿತ್ತು. ತಮ್ಮನು ಬಂದು, ‘ಅಣ್ಣಾ, ದವಾಖಾನಿಗೆ ಒಯ್ಯೋಣೇನು?’ ಎಂದು ಕೇಳಿದನು. ಮನೆಯಲ್ಲಿ ಓದಿದವನು ನಾನೊಬ್ಬನೇ. ನಾನು ‘ಶರಪಂಜರ’ವನ್ನು ಮೂರು ಸಾರಿ ಓದಿದ್ದವನು. ‘ಬೇಡ. ಅಲ್ಲಿ ಒಮ್ಮೆ ಹೆಸರು ಬರೆಯಿಸಿದರೆ ಬೀಗರು ತಿರುಗಿ ಕರೆದುಕೊಳ್ಳುವುದಿಲ್ಲ’ ಎಂದು ಹೇಳಿದೆನು. ಒಳ್ಳೆಯ ಪುಸ್ತಕವೊಂದು ಕೆಟ್ಟ ಓದುಗನ ಕೈಯಲ್ಲಿ ಏನು ಮಾಡಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಮಗುವನ್ನು ಅಜ್ಜಿಯ ಕೈಗೆ ಕೊಟ್ಟು, ಹುಡುಗಿಯನ್ನು ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ಕರೆದೊಯ್ದೆವು. ಶ್ರೀ ನರಸಿಂಹಸರಸ್ವತಿಗಳ ಪಾದುಕೆಗಳಿರುವ, ಭೀಮಾ ಅಮರಜಾ ನದಿಗಳು ಕೂಡುವ ಆ ಕ್ಷೇತ್ರಕ್ಕೆ ಚಿತ್ತ ಕೆಟ್ಟವರನ್ನು ಕರೆತರುವ ವಾಡಿಕೆಯು ಬಹಳ ಹಿಂದಿನದು; ಮಂಗಳಾರತಿಯ ಹೊತ್ತಿನಲ್ಲಿ ಅಲ್ಲಿ ಕೇಳಿಬರುವ ಕೂಗನ್ನು ಕೇಳಿದವರು ಮರೆಯಲಾರರು. ಇತ್ತ ಆಳಂದದಲ್ಲಿ ಲಾಡ್ಲೆ ಮಶಾಯಖರ ದರ್ಗಾಕ್ಕೂ ಎಲ್ಲ ಮತದವರು ಇದೇ ದುಃಖವನ್ನು ಹೊತ್ತು ಬರುವರು. ಈ ಕ್ಷೇತ್ರಗಳನ್ನು ನಾನು ಹಳಿಯಲಾರೆನು. ಊರಿನಲ್ಲಿ ಬಾಗಿಲು ಮುಚ್ಚಿ ಅಡಗಿಸಿಟ್ಟವರನ್ನು ಅಲ್ಲಿ ನಾಲ್ಕು ಜನರ ನಡುವೆ ಕೂಡಿಸುವರು, ಯಾರೂ ನಗುವುದಿಲ್ಲ. ಅಷ್ಟು ಮರ್ಯಾದೆಯನ್ನು ನಾವು ನಮ್ಮ ಮನೆಯಲ್ಲಿಯೇ ಕೊಟ್ಟಿರಲಿಲ್ಲ. ತಪ್ಪು ಕ್ಷೇತ್ರದ್ದಲ್ಲ, ವೈದ್ಯನಲ್ಲಿಗೆ ಹೋಗದಿರುವುದಕ್ಕೆ ದೇವರನ್ನು ನೆಪ ಮಾಡಿಕೊಂಡ ನಮ್ಮದು.

ಶಾಸ್ತ್ರವಾದರೂ ಹಾಗೆ ಹೇಳಿದೆಯೇ? ಚರಕಸಂಹಿತೆಯ ಸೂತ್ರಸ್ಥಾನವು ಚಿಕಿತ್ಸೆಯನ್ನು ಮೂರು ಬಗೆಯಾಗಿ ವಿಂಗಡಿಸುವುದು: ಮಂತ್ರ ಪೂಜೆ ಮೊದಲಾದ ದೈವವ್ಯಪಾಶ್ರಯ, ಆಹಾರ ಔಷಧಗಳ ಯುಕ್ತಿವ್ಯಪಾಶ್ರಯ, ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದೆಳೆಯುವ ಸತ್ತ್ವಾವಜಯ. ಒಂದನ್ನು ಹಿಡಿದು ಉಳಿದೆರಡನ್ನು ಬಿಡಬೇಕೆಂದು ಅಲ್ಲಿಲ್ಲ. ಅದೇ ಸಂಹಿತೆಯ ಉನ್ಮಾದನಿದಾನದಲ್ಲಿ ಆಚಾರ್ಯನು ಇನ್ನೂ ಮುಂದೆ ಹೋಗಿ, ರೋಗಕ್ಕೆ ದೇವತೆಗಳನ್ನೋ ಪಿಶಾಚಗಳನ್ನೋ ದೂರಬೇಡವೆಂದು ಎಚ್ಚರಿಸಿರುವನು. ಇಂದು ಮನೋವೈದ್ಯರು ಕೊಡುವ ಗುಳಿಗೆಯು ಎರಡನೆಯ ವರ್ಗಕ್ಕೆ ಸೇರುವುದು. ಆಪ್ತಸಲಹೆಗಾರರೂ ಚಿಕಿತ್ಸಾ ಮನಶ್ಶಾಸ್ತ್ರಜ್ಞರೂ ಎದುರು ಕುಳ್ಳಿರಿಸಿಕೊಂಡು ವಾರವಾರವೂ ನಡೆಸುವ ಮಾತಿನ ಚಿಕಿತ್ಸೆಯು ಮೂರನೆಯದಕ್ಕೆ ಹತ್ತಿರವಾದುದು. ನಾವು ಪರಕೀಯವೆಂದು ಹೆದರುವ ವಸ್ತುವಿಗೆ ನಮ್ಮ ಗ್ರಂಥದಲ್ಲಿಯೇ ಸ್ಥಾನವಿದೆ. ಇದನ್ನು ನಾನು ಮಕ್ಕಳಿಗೆ ಪಾಠ ಹೇಳಿದ್ದೆನು. ಮನೆಗೆ ಬಂದಾಗ ಮರೆತೆನು.

ಐದು ತಿಂಗಳು ಹೀಗೆ ಕಳೆದವು. ಕೊನೆಗೆ ಊರಿನ ನರ್ಸಬಾಯಿಯೊಬ್ಬಳು, ಮಗುವಿಗೆ ಲಸಿಕೆ ಹಾಕಲು ಬಂದವಳು, ತಾಯಿಯನ್ನು ಕಂಡು ನಮ್ಮೆಲ್ಲರನ್ನೂ ಗದರಿಸಿ ಕಲಬುರಗಿಯ ವೈದ್ಯರಲ್ಲಿಗೆ ಕಳುಹಿಸಿದಳು. ವೈದ್ಯರು ವಿವರಿಸಿದರು: ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಈ ರೋಗ ಬರುವುದು; ಬಹುಮಟ್ಟಿಗೆ ಮೊದಲ ಎರಡು ವಾರಗಳಲ್ಲಿಯೇ ಕಾಣಿಸಿಕೊಳ್ಳುವುದು; ತಡಮಾಡಿದರೆ ತಾಯಿಗೂ ಕೂಸಿಗೂ ಅಪಾಯ; ಕೂಡಲೆ ಚಿಕಿತ್ಸೆ ಮಾಡಿದರೆ ಗುಣ ಹೊಂದುವವರೇ ಹೆಚ್ಚು. ‘ಏಕೆ ಇಷ್ಟು ತಡ?’ ಎಂದು ಅವರು ಕೇಳಿದಾಗ, ‘ಒಂದು ಕಾದಂಬರಿಯನ್ನು ತಪ್ಪಾಗಿ ಓದಿದ್ದರಿಂದ’ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಕೆಲವೇ ವಾರಗಳಲ್ಲಿ ಹುಡುಗಿಗೆ ನಿದ್ರೆ ಬಂದಿತು. ಮೂರು ತಿಂಗಳಿಗೆ ಮಗುವನ್ನೆತ್ತಿಕೊಂಡಳು. ಆದರೆ ಆ ಕೂಸು ಅಷ್ಟರಲ್ಲಿ ಅಜ್ಜಿಯನ್ನೇ ತಾಯಿಯೆಂದು ಹಿಡಿದಿತ್ತು. ಹೆತ್ತವಳ ಮಡಿಲಿಗೆ ಬರಲು ಅಳುತ್ತಿತ್ತು. ಆ ಅಳುವಿಗೆ ರೋಗವು ಕಾರಣವಲ್ಲ, ನಾನು ಕಾರಣ.

ಆಕೆ ಗಂಡನ ಮನೆಗೆ ಹೋದಳು. ಬೀಗರು ನಾನು ಹೆದರಿದಷ್ಟು ಕೆಟ್ಟವರಾಗಿರಲಿಲ್ಲ. ಆದರೂ ಪಂಜರದ ಬಾಣಗಳು ಒಂದೊಂದಾಗಿ ಕಂಡವು. ಒಮ್ಮೆ ನಾನು ಅಲ್ಲಿ ಉಂಡಾಗ ಸಾರಿಗೆ ಉಪ್ಪು ಹೆಚ್ಚಾಗಿತ್ತು. ಪಂಕ್ತಿಯಲ್ಲಿದ್ದವರೆಲ್ಲ ಒಬ್ಬರ ಮುಖವನ್ನೊಬ್ಬರು ನೋಡಿದರು. ಹುಡುಗಿಯು ಸೌಟನ್ನು ಕೆಳಗಿಟ್ಟು, ‘ಕಾಕಾ, ಉಪ್ಪು ಜಾಸ್ತಿ ಆಗ್ಯದಂದ್ರ ಉಪ್ಪು ಜಾಸ್ತಿ ಆಗ್ಯದ, ಅಷ್ಟ. ನನ್ನ ತಲಿ ಕೆಟ್ಟದಂತ ಅಲ್ಲ’ ಎಂದಳು. ‘ಶರಪಂಜರ’ಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಯಾವ ವಿಮರ್ಶಕನಿಂದಲೂ ಕೇಳಿಲ್ಲ. ಆಕೆ ಆ ಕಾದಂಬರಿಯನ್ನು ಓದಿದವಳಲ್ಲ. ಕಾವೇರಿಯ ಬಾಯಿಗೆ ಬಾರದ ಮಾತು ಆಕೆಯ ಬಾಯಿಗೆ ಬಂದಿತು. ಅಂದಿನಿಂದ ಆ ಮನೆಯಲ್ಲಿ ಒಬ್ಬರನ್ನೊಬ್ಬರು ನೋಡುವುದು ನಿಂತಿತು.

ಕೃತಿಯ ದೋಷವನ್ನೂ ಹೇಳದಿದ್ದರೆ ವಿಮರ್ಶೆಯು ಪೂರ್ಣವಾಗದು. ‘ಶರಪಂಜರ’ದಲ್ಲಿ ಮನೆಯು ಎಷ್ಟು ಸ್ಫುಟವಾಗಿ ಕಾಣುವುದೋ ಚಿಕಿತ್ಸೆಯು ಅಷ್ಟು ಸ್ಫುಟವಾಗಿ ಕಾಣುವುದಿಲ್ಲ. ಗುಣವಾದವಳು ಯಾರ ಮುಂದೆ ತನ್ನ ದುಃಖವನ್ನು ಹೇಳಿಕೊಳ್ಳಬೇಕು, ಗಂಡನಿಗೆ ಬುದ್ಧಿ ಹೇಳತಕ್ಕವರು ಯಾರು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ದುರಂತ ಕಥೆಯು ಉಪಾಯಗಳ ಕೈಪಿಡಿಯಾಗಬೇಕಿಲ್ಲವೆಂಬುದು ನಿಜ. ಆ ಕಾಲದ ಸ್ಥಿತಿಯೂ ಹಾಗೆಯೇ ಇದ್ದಿತು. ಕನ್ನಡನಾಡಿನಲ್ಲಿ ಮನೋರೋಗಕ್ಕೆಂದು ಇದ್ದ ದೊಡ್ಡ ಆಸ್ಪತ್ರೆಗಳು ಬೆಂಗಳೂರಿನಲ್ಲಿ ಮತ್ತು ಧಾರವಾಡದಲ್ಲಿ. ಬೆಂಗಳೂರಿನದು ಹತ್ತೊಂಬತ್ತನೆಯ ಶತಮಾನದಲ್ಲಿ ಹುಚ್ಚರ ಆಶ್ರಯವೆಂದು ಹುಟ್ಟಿ, ೧೯೨೫ರಲ್ಲಿ ಮಾನಸಿಕ ಆಸ್ಪತ್ರೆಯೆನಿಸಿ, ೧೯೭೪ರಲ್ಲಿ ನಿಮ್ಹಾನ್ಸ್ ಎಂಬ ಸಂಸ್ಥೆಯಾಯಿತು. ಹಲಗೆಯ ಮೇಲಿನ ಹೆಸರು ಬದಲಾದರೂ ಜನರ ಬಾಯಲ್ಲಿ ಅದು ‘ಹುಚ್ಚಾಸ್ಪತ್ರೆ’ಯಾಗಿಯೇ ಉಳಿಯಿತು. ಆಳಂದ, ಅಫಜಲಪುರ, ಜೇವರ್ಗಿಯ ಬಡವನಿಗೆ ಎರಡೂ ದೂರದ ಮಾತೇ.

ಈ ಕೊರತೆಯನ್ನು ಕನ್ನಡದಲ್ಲಿ ತುಂಬಿದವರು ಕಾದಂಬರಿಕಾರರಲ್ಲ, ವೈದ್ಯರು. ‘ಕೊರವಂಜಿ’ಯ ‘ರಾಶಿ’ ಎಂದು ನಾಡಿಗೆಲ್ಲ ಪರಿಚಿತರಾದ ಡಾಕ್ಟರ್ ಎಂ. ಶಿವರಾಮರು ‘ಮನಮಂಥನ’ವನ್ನು ಬರೆದರು, ಅದಕ್ಕೆ ೧೯೭೬ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಮನೋರೋಗದ ಗ್ರಂಥವೊಂದನ್ನು ಸಾಹಿತ್ಯವೆಂದು ಗೌರವಿಸಿದ್ದು ನಮ್ಮ ಭಾಷೆಗೆ ಸಲ್ಲಬೇಕಾದ ಹೆಮ್ಮೆ. ನಿಮ್ಹಾನ್ಸಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಸಿ. ಆರ್. ಚಂದ್ರಶೇಖರ್ ಅವರು ಸಣ್ಣ ಸಣ್ಣ ಪುಸ್ತಕಗಳಿಂದ ಈ ವಿಷಯವನ್ನು ಹಳ್ಳಿಯ ಓದುಗನವರೆಗೆ ತಂದರು. ೨೦೨೪ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಇವರ ಗದ್ಯದಲ್ಲಿ ಅಲಂಕಾರವಿಲ್ಲ. ಆದರೆ ಓದಿದವನು ಮರುದಿನ ಎಲ್ಲಿಗೆ ಹೋಗಬೇಕೆಂಬುದು ಇದೆ. ‘ಶರಪಂಜರ’ವನ್ನು ಓದಿಸುವವರು ಇವುಗಳಲ್ಲೊಂದನ್ನು ಅದರ ಜೊತೆಗೆ ಓದಿಸಬೇಕೆಂದು ನನ್ನ ಬಿನ್ನಹ.

ತ್ರಿವೇಣಿಯವರು ಕಾಣದ ಬಾಗಿಲುಗಳು ಈಗ ಕೆಲವು ತೆರೆದಿವೆ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಮನೋರೋಗಕ್ಕೆ ಔಷಧ ಕೊಡಬಹುದೆಂಬುದನ್ನು ನಿಮ್ಹಾನ್ಸಿನವರು ೧೯೮೫ರಿಂದ ಮೊದಲ್ಗೊಂಡು ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗಿಸಿ ತೋರಿಸಿದರು. ಅದನ್ನೇ ಮಾದರಿಯಾಗಿಟ್ಟು ೧೯೯೬ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಹುಟ್ಟಿತು. ತಾಯಿಯನ್ನೂ ಕೂಸನ್ನೂ ಅಗಲಿಸದೆ ಒಟ್ಟಿಗೆ ಇರಿಸಿ ಚಿಕಿತ್ಸೆ ಮಾಡುವ ವಿಭಾಗವನ್ನು ನಿಮ್ಹಾನ್ಸಿನಲ್ಲಿ ೨೦೦೯ರಲ್ಲಿ ತೆರೆದರು. ಕಾವೇರಿಗೆ ಬೇಕಾಗಿದ್ದುದು ಅದೇ. ೨೦೦೧ರ ಆಗಸ್ಟಿನಲ್ಲಿ ತಮಿಳುನಾಡಿನ ಎರವಾಡಿಯಲ್ಲಿ ಸರಪಳಿಗಳಿಂದ ಬಿಗಿದಿದ್ದ ೨೮ ಜನರು ಬೆಂಕಿಗೆ ಸಿಕ್ಕಿ ಸತ್ತರು. ೨೦೧೭ರ ಮಾನಸಿಕ ಆರೋಗ್ಯ ಶುಶ್ರೂಷಾ ಕಾಯಿದೆಯು ಸರಪಳಿ ಬಿಗಿಯುವುದನ್ನು ನಿಷೇಧಿಸಿ, ಸರಕಾರದ ಚಿಕಿತ್ಸೆಯನ್ನು ರೋಗಿಯ ಹಕ್ಕನ್ನಾಗಿ ಮಾಡಿತು. ೨೦೨೨ರ ಅಕ್ಟೋಬರ್ ೧೦ರಿಂದ ‘ಟೆಲಿ-ಮಾನಸ್’ ಎಂಬ ಏರ್ಪಾಡು ನಡೆದಿದೆ. ೧೪೪೧೬ ಎಂಬ ಸಂಖ್ಯೆಗೆ ಹಗಲಿರಲಿ ಇರುಳಿರಲಿ ದೂರವಾಣಿ ಮಾಡಿದರೆ, ಹಣವಿಲ್ಲದೆ, ಕನ್ನಡದಲ್ಲಿಯೇ ಮಾತಾಡಬಹುದು. ಬಾಗಿಲಿನ ಹೊರಗೆ ಯಾರು ನೋಡಿಯಾರೋ ಎಂಬ ಭಯ ಇಲ್ಲಿಲ್ಲ.

ಇಷ್ಟಿದ್ದರೂ ೨೦೧೫–೧೬ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಪ್ರಾಯದವರಲ್ಲಿ ಹತ್ತರಲ್ಲೊಬ್ಬರಿಗೆ ಒಂದಿಲ್ಲೊಂದು ಮಾನಸಿಕ ತೊಂದರೆಯಿತ್ತು. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚಿನವರು ಚಿಕಿತ್ಸೆಯಿಲ್ಲದೆ ಇದ್ದರು. ವೈದ್ಯರ ಕೊರತೆಯು ಇದಕ್ಕೆ ಒಂದು ಕಾರಣ. ಕಲಬುರಗಿಗೆ ಹೋಗಿಬರುವ ಒಂದು ದಿನದ ಕೂಲಿಯೂ ಬಸ್ಸಿನ ಚಾರ್ಜೂ ಬಡವನಿಗೆ ಸಣ್ಣ ಮಾತಲ್ಲವೆಂಬುದು ಇನ್ನೊಂದು. ಆದರೆ ನನ್ನ ಮನೆಯಲ್ಲಿ ಬಸ್ಸಿಗೆ ಹಣವಿತ್ತು. ನಮ್ಮನ್ನು ತಡೆದುದು ನಾಲ್ಕು ಜನರ ಕಣ್ಣು. ಆ ನಾಲ್ಕು ಜನರಲ್ಲಿ ಮೊದಲನೆಯವನು ನಾನು.

ಎಲ್ಲ ಉನ್ಮಾದವೂ ಒಮ್ಮೆ ಬಂದು ಹೋಗಿಬಿಡುವುದೆಂದು ನಾನು ಹೇಳುತ್ತಿಲ್ಲ. ಕೆಲವು ರೋಗಗಳು ಮರಳಿ ಬರುವುವು. ಕೆಲವಕ್ಕೆ ಸಕ್ಕರೆ ರೋಗಕ್ಕೆ ಹೇಗೋ ಹಾಗೆ ಬಹುಕಾಲ ಔಷಧ ಬೇಕು. ನಮ್ಮ ಹುಡುಗಿಗೂ ವೈದ್ಯರು, ‘ಮುಂದಿನ ಹೆರಿಗೆಗೆ ಮೊದಲೇ ಬಂದು ಕಾಣಬೇಕು’ ಎಂದು ಹೇಳಿದ್ದರು. ಆಕೆ ಹಾಗೆಯೇ ಮಾಡಿದಳು. ಆ ಬಾಣಂತನವು ಸುಖವಾಗಿ ಮುಗಿಯಿತು. ಮರಳಿ ಬರುವುದೂ ಸಂಚಾರಿಯ ಸ್ವಭಾವವೇ. ಎಷ್ಟು ಸಾರಿ ಬಂದರೂ ಅದು ಸ್ಥಾಯಿಯಾಗುವುದಿಲ್ಲ. ಸ್ಥಾಯಿಯಾಗಿ ಉಳಿಯುವವಳು ಆ ತಾಯಿ, ಆ ಮಗಳು.

ಆದಕಾರಣ ಮೊದಲ ಮಿತ್ರರಿಗೆ ನನ್ನ ಉತ್ತರ: ಔಷಧ ಬಂದಿತೆಂದು ‘ಶರಪಂಜರ’ದ ಕಾಲ ಮುಗಿಯಲಿಲ್ಲ, ಔಷಧವು ಗುಣಪಡಿಸಿದ ಮೇಲೆಯೇ ಈ ಕಾದಂಬರಿ ಬೇಕಾಗುವುದು. ಎರಡನೆಯ ಮಿತ್ರರಿಗೆ: ಈ ಕೃತಿಯು ಆಸ್ಪತ್ರೆಗೆ ಹೋಗಬೇಡಿರೆಂದು ಹೇಳಿದ್ದಲ್ಲ, ಹೋಗಿ ಬಂದವಳನ್ನು ಹೇಗೆ ನೋಡಬಾರದೆಂದು ಹೇಳಿದ್ದು. ಮುಂದಿನ ಗೋಷ್ಠಿಗೆ ಬರುವಾಗ ಇಬ್ಬರೂ ಪುಸ್ತಕವನ್ನು ಇನ್ನೊಂದಾವರ್ತಿ ಓದಿಕೊಂಡು ಬರಬೇಕೆಂದು ವಿನಂತಿ. ಓದುವಾಗ ಕಾವೇರಿಯ ಮೇಲೆಯೇ ಕಣ್ಣಿಡದೆ, ಆಕೆಯನ್ನು ನೋಡುತ್ತಿರುವವರ ಮುಖಗಳನ್ನೂ ನೋಡಲಿ. ಅವುಗಳಲ್ಲೊಂದು ನನಗೆ ಪರಿಚಿತವಾದುದಾಗಿ ಕಂಡಿತು.